ಮುನ್ನೂರು ಪದಗಳ ಪ್ರಾಯಶ್ಚಿತ್ತ

ಹುಡುಗರಿಂದ ಪ್ರಬಂಧ ಬರೆಯಿಸುವುದು ನನ್ನ ಕಸುಬು. ಇಪ್ಪತ್ತು ವರ್ಷಗಳಿಂದ ಅದನ್ನೇ ಮಾಡಿಕೊಂಡು ಬಂದಿರುವುದರಿಂದ, ಪ್ರಬಂಧದಿಂದ ಏನಾದೀತು, ಏನಾಗದು ಎಂಬುದನ್ನು ಒಂದಿಷ್ಟು ಬಲ್ಲೆನೆಂದು ಹೇಳಿಕೊಂಡರೆ ತಪ್ಪಾಗಲಾರದು. ಪ್ರಬಂಧ ಬರೆದು ಕಾಗುಣಿತ ತಿದ್ದಿಕೊಂಡವರನ್ನು ಕಂಡಿದ್ದೇನೆ. ನಡತೆ ತಿದ್ದಿಕೊಂಡವರನ್ನು ಇನ್ನೂ ಕಾಣಬೇಕಾಗಿದೆ.

ಆದ್ದರಿಂದ 2024ರ ಮೇ ತಿಂಗಳಲ್ಲಿ ಪುಣೆಯಿಂದ ಬಂದ ಸುದ್ದಿಯನ್ನು ಓದಿ ಊರೆಲ್ಲ ಸಿಟ್ಟಾದಾಗ, ನನಗೆ ಸಿಟ್ಟಿನ ಜೊತೆಗೆ ನಾಚಿಕೆಯೂ ಆಯಿತು. ರಾತ್ರಿ ಕಳೆದು ಬೆಳಗಾಗುವ ಮೊದಲು, ಭಾರಿ ಬೆಲೆಯ ಕಾರೊಂದು ಮೋಟಾರ್ ಸೈಕಲ್ಲಿಗೆ ಬಡಿದು ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಕಾರಿಗೆ ಖಾಯಂ ನೋಂದಣಿ ಸಂಖ್ಯೆ ಇರಲಿಲ್ಲ. ಅದನ್ನು ಓಡಿಸುತ್ತಿದ್ದನೆಂಬ ಆಪಾದನೆ ಹೊತ್ತ ಹುಡುಗನಿಗೆ ಹದಿನೇಳು ವರ್ಷ. ಬಾಲನ್ಯಾಯ ಮಂಡಳಿಯು ಅವನಿಗೆ ಅಂದೇ ಜಾಮೀನು ಕೊಟ್ಟು, ವಿಧಿಸಿದ ಷರತ್ತುಗಳಲ್ಲಿ ಒಂದು ಇದು: ರಸ್ತೆ ಅಪಘಾತಗಳನ್ನು ಕುರಿತು ಮುನ್ನೂರು ಪದಗಳ ಪ್ರಬಂಧ ಬರೆಯತಕ್ಕದ್ದು. ಜನ ಗದ್ದಲ ಮಾಡಿದ ಮೇಲೆ ಹುಡುಗನನ್ನು ವೀಕ್ಷಣಾಲಯಕ್ಕೆ ಕಳಿಸಿದರು. ಜೂನ್ ತಿಂಗಳಲ್ಲಿ ಹೈಕೋರ್ಟು ಬಿಡುಗಡೆ ಮಾಡಿತು. ಅದು ನ್ಯಾಯಾಲಯದ ಮಾತು; ಅದರೊಳಗೆ ನಾನು ಹೋಗುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿದೆ: ಒಂದು ಪ್ರಾಣಕ್ಕೆ ನೂರೈವತ್ತು ಪದ.

ಹೀಗೆಂದು ಪುಣೆಯವರನ್ನು ಆಡಿಕೊಂಡು ನಾವು ಬೆಂಗಳೂರಿನವರು ಕಾಫಿ ಕುಡಿಯಬಹುದಾಗಿತ್ತು. ಆದರೆ ನನಗೆ ಆ ಹಕ್ಕಿಲ್ಲ. ಏಕಿಲ್ಲವೆಂಬುದನ್ನು ಮೊದಲು ಹೇಳಿಬಿಡುತ್ತೇನೆ.

ನಾಲ್ಕು ವರ್ಷಗಳ ಹಿಂದಿನ ಮಾತು. ನಮ್ಮ ಬೀದಿಯ ತಿರುವಿನಲ್ಲಿ ಒಬ್ಬಾಕೆ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಬಡಾವಣೆಗೆಲ್ಲ ಅವಳು ಹೂವಿನಮ್ಮ. ಒಂದು ಶುಕ್ರವಾರ ಬೆಳಿಗ್ಗೆ ಸ್ಕೂಟರೊಂದು ತಿರುವಿನಲ್ಲಿ ಹಿಡಿತ ತಪ್ಪಿ ನೇರವಾಗಿ ಅವಳ ಮೇಲೆ ಬಂತು. ಸೊಂಟದ ಮೂಳೆ ಮುರಿಯಿತು. ಓಡಿಸುತ್ತಿದ್ದವನು ನಮ್ಮ ಬೀದಿಯವರ ಮಗ, ಪಿ.ಯು.ಸಿ. ಓದುವ ಹುಡುಗ. ಲೈಸೆನ್ಸಿಗೆ ವಯಸ್ಸೇ ಆಗಿರಲಿಲ್ಲ. ಅದಕ್ಕೂ ಮೊದಲು ಅವನು ಒಬ್ಬರ ಕಾಂಪೌಂಡಿಗೆ ಗುದ್ದಿದ್ದ, ಹಾಲು ಹಾಕುವವನ ಸೈಕಲ್ಲನ್ನು ಕೆಡವಿದ್ದ, ಬೀದಿಗೆಲ್ಲ ಗೊತ್ತಿತ್ತು. ಸಂಜೆ ಹುಡುಗನ ತಂದೆ ನನ್ನ ಮನೆಗೆ ಬಂದರು. "ಮೇಷ್ಟ್ರೆ, ನಿಮ್ಮ ಮಾತಿಗೆ ಆಕೆ ಬೆಲೆ ಕೊಡುತ್ತಾಳೆ. ಹುಡುಗನ ಭವಿಷ್ಯ ನೋಡಿ. ಆಸ್ಪತ್ರೆಯ ಖರ್ಚು ಕೊಟ್ಟು, ಮೇಲೆ ಹತ್ತು ಸಾವಿರ ಕೊಡುತ್ತೇನೆ. ಪೋಲೀಸು ಗೀಲೀಸು ಬೇಡ" ಎಂದರು. ನಾನು ಹೋದೆ, ಮಾತಾಡಿದೆ, ರಾಜಿ ಮಾಡಿಸಿದೆ. ಹೂವಿನಮ್ಮ ಹಾಸಿಗೆಯ ಮೇಲಿಂದಲೇ ಕೈ ಮುಗಿದು, "ನೀವು ಹೇಳಿದ ಮೇಲೆ ಆಯ್ತು ಬಿಡಿ ಸ್ವಾಮಿ" ಎಂದಳು. ಮನೆಗೆ ಬಂದು, ಒಳ್ಳೆಯ ಕೆಲಸ ಮಾಡಿದೆನೆಂಬ ತೃಪ್ತಿಯಿಂದ ಊಟ ಮಾಡಿದೆ.

ಆರು ತಿಂಗಳು ಕಳೆಯಲಿಲ್ಲ. ಅದೇ ಹುಡುಗ, ಅದೇ ಲೈಸೆನ್ಸಿಲ್ಲದ ಕೈ, ಈ ಸಲ ತಂದೆಯ ಕಾರು. ನಿಂತಿದ್ದ ಆಟೋಕ್ಕೆ ಹಿಂದಿನಿಂದ ಗುದ್ದಿದ. ಆಟೋದಲ್ಲಿ ಯಾರೂ ಇರಲಿಲ್ಲವೆಂಬುದು ಆಟೋದವನ ಪುಣ್ಯ. ಆ ಕಾರನ್ನು ಬೀದಿಗೆ ಇಳಿಸಿದವರಲ್ಲಿ ತಂದೆಯ ನಂತರದ ಹೆಸರು ನನ್ನದು.

ನಮ್ಮಲ್ಲಿ ಏನಾದರೂ ಅನರ್ಥವಾದೊಡನೆ "ಕಠಿಣ ಕಾನೂನು ಬೇಕು" ಎಂದು ಕೂಗುವುದು ಪದ್ಧತಿ. ಕಾನೂನಿಗೆ ಬರವಿಲ್ಲ. 1939ರಲ್ಲಿ ಒಂದು ಮೋಟಾರು ವಾಹನ ಕಾಯಿದೆ ಬಂತು. 1988ರಲ್ಲಿ ಅದರ ಸ್ಥಾನದಲ್ಲಿ ಇನ್ನೊಂದು ಬಂತು. 2019ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿಯಾಯಿತು. ಲೈಸೆನ್ಸಿಲ್ಲದವನ ಕೈಗೆ ಗಾಡಿ ಕೊಡಬಾರದೆಂದು ಮಾಲೀಕನಿಗೆ ಹೇಳುವ ಕಲಮು ಅದರಲ್ಲಿದೆ. ಕೊಟ್ಟರೆ ದಂಡ, ಸೆರೆ ಎರಡಕ್ಕೂ ದಾರಿಯಿದೆ. ಅಪ್ರಾಪ್ತ ವಯಸ್ಸಿನವನು ಗಾಡಿ ಓಡಿಸಿ ಅಪರಾಧ ಮಾಡಿದರೆ, 199ಎ ಕಲಮಿನ ಪ್ರಕಾರ ಪೋಷಕನಿಗೆ ಅಥವಾ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸಿಲ್ಲ. ಅಪಾಯಕರವಾಗಿ ಓಡಿಸಿದವನು ಮೂರು ವರ್ಷದೊಳಗೆ ಮತ್ತೆ ಅದನ್ನೇ ಮಾಡಿದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಹತ್ತು ಸಾವಿರ ದಂಡ, ಇಲ್ಲವೆ ಎರಡೂ. ಲೈಸೆನ್ಸನ್ನು ಅಮಾನತಿನಲ್ಲಿಡುವ, ರದ್ದು ಮಾಡುವ ಅಧಿಕಾರ 19ನೆಯ ಕಲಮಿನಲ್ಲಿದೆ. ನಾನು ರಾಜಿ ಮಾಡಿಸಿದ ದಿನ ಇವೆಲ್ಲ ಜಾರಿಯಲ್ಲಿದ್ದವು. ಹುಡುಗನ ತಂದೆ ಹೆದರಿದ್ದೂ ಇವಕ್ಕೇ. ನಾನು ಹೂವಿನಮ್ಮನಿಗೆ ಹತ್ತು ಸಾವಿರ ಕೊಡಿಸಲಿಲ್ಲ. ಆ ತಂದೆಗೆ ಮೂರು ವರ್ಷದ ಸೆರೆಯ ಭಯವನ್ನು ಹತ್ತು ಸಾವಿರಕ್ಕೆ ಬಿಡಿಸಿಕೊಟ್ಟೆ.

ಕಾನೂನು ಇದ್ದೂ ಅದು ಕೈಗೆ ಹತ್ತದಿರುವುದೇಕೆ? ನಮ್ಮ ವ್ಯವಸ್ಥೆ ಗಾಡಿಯನ್ನು ಹಿಡಿಯುತ್ತದೆ, ಮನುಷ್ಯನನ್ನು ಹಿಡಿಯುವುದಿಲ್ಲ. 2022ರ ಡಿಸೆಂಬರಿನಲ್ಲಿ ಬೆಂಗಳೂರಿನ ಐವತ್ತು ಚೌಕಗಳಲ್ಲಿ ಹೊಸ ಕ್ಯಾಮರಾಗಳು ಕಣ್ಣು ತೆರೆದುವು. ಅವು ಹಗಲಿರುಳು ದುಡಿಯುತ್ತವೆ, ಲಂಚ ತಿನ್ನುವುದಿಲ್ಲ, ಶಿಫಾರಸು ಕೇಳುವುದಿಲ್ಲ. ಅಷ್ಟರ ಮಟ್ಟಿಗೆ ಅವು ನಮಗಿಂತ ಮೇಲು. ಆದರೆ ಅವು ಓದಬಲ್ಲದ್ದು ನಂಬರು ಫಲಕವನ್ನು. ನೋಟೀಸು ಮಾಲೀಕನ ಹೆಸರಿಗೆ ಹೋಗುತ್ತದೆ. ಮಾಲೀಕ ಹಣ ಕಟ್ಟುತ್ತಾನೆ, ಅಥವಾ ಕಟ್ಟುವುದಿಲ್ಲ. ಓಡಿಸಿದವನಾರು, ಅವನಿಗೆ ಲೈಸೆನ್ಸಿತ್ತೆ, ಇದು ಅವನ ಎಷ್ಟನೆಯ ತಪ್ಪು ಎಂಬ ಪ್ರಶ್ನೆ ಹುಟ್ಟುವ ಮೊದಲೇ ಸಾಯುತ್ತದೆ. ಸ್ಕೂಟರಿನ ಬೆಲೆಗಿಂತ ಅದರ ಮೇಲಿನ ದಂಡದ ಬಾಕಿಯೇ ಹೆಚ್ಚೆಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿ ನಾವು ನಗುತ್ತೇವೆ. ನಗುವ ಮಾತೆ ಅದು? ಒಬ್ಬ ಮನುಷ್ಯ ನೂರು ಸಲ ತಪ್ಪು ಮಾಡಿ ನೂರೊಂದನೆಯ ಸಲವೂ ಗಾಡಿ ಹತ್ತಿದನೆಂಬುದರ ಲಿಖಿತ ಸಾಕ್ಷ್ಯ ಅದು.

ಆ ಬಾಕಿಯ ಗತಿಯಾದರೂ ಏನು? ಆಷಾಢದಲ್ಲಿ ಬಟ್ಟೆ ಅಂಗಡಿಯವರು ರಿಯಾಯಿತಿ ಸಾರುವಂತೆ ಸರ್ಕಾರವೂ ಸಾರುತ್ತದೆ. 2023ರ ಫೆಬ್ರವರಿಯಲ್ಲಿ ಅರ್ಧ ಕಟ್ಟಿದರೆ ಉಳಿದರ್ಧ ಮಾಫಿ ಎಂದರು. ನಗರದಲ್ಲಿ ನೂರು ಕೋಟಿಗೂ ಮಿಕ್ಕಿ ಹಣ ಬಂತು. 2025ರಲ್ಲಿ ಮತ್ತೆ ಅದೇ ರಿಯಾಯಿತಿ. ಬೊಕ್ಕಸಕ್ಕೆ ಹಣ ಬಂದದ್ದು ನಿಜ. ಆದರೆ ಒಂದು ಸಲ ಸೀಟು ಬೆಲ್ಟು ಮರೆತ ಗೃಹಸ್ಥನಿಗೂ, ಕೆಂಪು ದೀಪವನ್ನು ಐವತ್ತು ಸಲ ಧಿಕ್ಕರಿಸಿದ ಶೂರನಿಗೂ ಒಂದೇ ತಕ್ಕಡಿ ಹಿಡಿದದ್ದು ಯಾವ ನ್ಯಾಯ? ಸಕಾಲಕ್ಕೆ ಪೂರ್ತಿ ದಂಡ ಕಟ್ಟಿದವನು ಇಲ್ಲಿ ಪೆದ್ದ. ಕಾದು ಕೂತವನು ಜಾಣ. ದಂಡವೆಂಬುದು ಶಿಕ್ಷೆಯಾಗಿ ಉಳಿಯಲಿಲ್ಲ. ಉಳ್ಳವನಿಗೆ ರಸ್ತೆಯ ಬಾಡಿಗೆಯಾಯಿತು, ಅದೂ ಅರ್ಧ ಬಾಡಿಗೆ.

ಲೈಸೆನ್ಸು ಅಮಾನತು ಆಗುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. 2015ರಲ್ಲಿ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ, ಅತಿವೇಗ, ಕೆಂಪು ದೀಪದ ಉಲ್ಲಂಘನೆ, ಕುಡಿದು ಓಡಿಸುವುದು, ಓಡಿಸುತ್ತ ಮೊಬೈಲಿನಲ್ಲಿ ಮಾತಾಡುವುದು ಮೊದಲಾದ ತಪ್ಪುಗಳಿಗೆ ಕನಿಷ್ಠ ಮೂರು ತಿಂಗಳು ಲೈಸೆನ್ಸು ಅಮಾನತು ಮಾಡಬೇಕೆಂದು ರಾಜ್ಯಗಳಿಗೆ ತಿಳಿಸಿತು. ಆದರೆ ತಪ್ಪು ಹಿಡಿಯುವವರು ಪೋಲೀಸರು, ಅವರದು ಗೃಹ ಇಲಾಖೆ. ಲೈಸೆನ್ಸು ಕಸಿಯುವವರು ಆರ್.ಟಿ.ಓ., ಅವರದು ಸಾರಿಗೆ ಇಲಾಖೆ. ಪತ್ರ ಹೋಗಬೇಕು, ನೋಟೀಸು ಬರಬೇಕು, ಅಹವಾಲು ಕೇಳಬೇಕು, ಆಮೇಲೆ ಆದೇಶ. ಅಹವಾಲು ಕೇಳಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಎರಡು ಕಚೇರಿಗಳ ನಡುವೆ ಕಡತ ನಡೆಯುವ ವೇಗಕ್ಕೂ ನಮ್ಮ ವರ್ತುಲ ರಸ್ತೆಯಲ್ಲಿ ಕಾರು ಓಡುವ ವೇಗಕ್ಕೂ ಇರುವ ಅಂತರದಲ್ಲಿ ಜನ ಸಾಯುತ್ತಾರೆ. ದೇಶದಲ್ಲಿ 2023ನೆಯ ಇಸವಿಯೊಂದರಲ್ಲೇ ರಸ್ತೆಗಳಲ್ಲಿ ಸತ್ತವರು 1,72,000ಕ್ಕೂ ಹೆಚ್ಚು. ದಿನಕ್ಕೆ ನಾನೂರೆಪ್ಪತ್ತು ಮಂದಿ.

ಲೈಸೆನ್ಸೇ ಇಲ್ಲದವನ ವಿಷಯ ಇನ್ನೂ ವಿಚಿತ್ರ. ಇಲ್ಲದ ಲೈಸೆನ್ಸನ್ನು ಅಮಾನತು ಮಾಡುವುದು ಹೇಗೆ? ಬೋಳುತಲೆಯವನಿಗೆ ಮುಡಿ ಕೊಡುವ ಶಿಕ್ಷೆ ವಿಧಿಸಿದ ಹಾಗಾಯಿತು. ಅವನನ್ನು ತಡೆಯಬೇಕಾದರೆ ಗಾಡಿಯನ್ನೇ ಹಿಡಿದಿಡಬೇಕು. ಅದಕ್ಕೂ 207ನೆಯ ಕಲಮಿನಲ್ಲಿ ಪೋಲೀಸರಿಗೆ ಅಧಿಕಾರವಿದೆ. ಓಡಿಸಿದವನಾರೆಂದು ಮಾಲೀಕನನ್ನು ಕೇಳಿದರೆ ಅವನು ಹೇಳಲೇಬೇಕೆಂದು 133ನೆಯ ಕಲಮು ವಿಧಿಸುತ್ತದೆ. ಈ ಎರಡನ್ನೂ ಎಲ್ಲರ ಮೇಲೂ ಒಂದೇ ಸಮನಾಗಿ ಪ್ರಯೋಗಿಸಿದರೆ ಸಾಕು; ಹೊಸ ಶಾಸನ ಬೇಕಿಲ್ಲ.

ಇಲ್ಲಿ ಕೆಲವರು ಅಡ್ಡ ಬರುತ್ತಾರೆ. "ಮೊದಲು ರಸ್ತೆಯ ಗುಂಡಿ ಮುಚ್ಚಲಿ, ಆಮೇಲೆ ನಮ್ಮನ್ನು ಹಿಡಿಯಲಿ" ಎಂಬುದು ಒಂದು ವಾದ. ಗುಂಡಿಗೂ ಜನ ಬಲಿಯಾಗಿದ್ದಾರೆ. ಅದಕ್ಕೆ ಹೊಣೆಯಾದವರನ್ನೂ ಕಟಕಟೆಗೆ ತರಬೇಕು. ಆದರೆ ಗುಂಡಿ ಇದ್ದಲ್ಲೇ ಇರುತ್ತದೆ. ಕಾಲುದಾರಿಯ ಮೇಲೆ ಕೂತವರನ್ನು ಅಟ್ಟಿಸಿಕೊಂಡು ಬರುವುದಿಲ್ಲ. ಒಬ್ಬರ ತಪ್ಪು ಇನ್ನೊಬ್ಬರ ತಪ್ಪಿಗೆ ರಹದಾರಿಯಾಗಲಾರದು.

ಇನ್ನೊಂದು ವಾದಕ್ಕೆ ಹೆಚ್ಚು ತೂಕವಿದೆ. ಲೈಸೆನ್ಸು ಕಸಿದರೆ ಆಟೋದವನ, ಲಾರಿಯವನ, ಮನೆಮನೆಗೆ ಊಟ ತಲುಪಿಸುವ ಹುಡುಗನ ಹೊಟ್ಟೆಪಾಡೇನು? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಹೊಸ ನ್ಯಾಯ ಸಂಹಿತೆಯಲ್ಲಿ, ಅಪಘಾತದಲ್ಲಿ ಸಾವಾದಾಗ ವರದಿ ಮಾಡದೆ ಓಡಿಹೋದ ಚಾಲಕನಿಗೆ ಹತ್ತು ವರ್ಷದವರೆಗೆ ಸೆರೆ ಎಂದಿದ್ದಾಗ, 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದರು. ಆ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಉಪಕಲಮನ್ನು ಮಾತ್ರ ತಡೆಹಿಡಿಯಲಾಯಿತು. ನಿಂತರೆ ಜನ ಹೊಡೆದು ಕೊಲ್ಲುತ್ತಾರೆಂಬ ಅವರ ಭಯ ಸುಳ್ಳಲ್ಲ. ಆದ್ದರಿಂದಲೇ ನಾನು ಮೊದಲನೆಯ ತಪ್ಪಿಗೆ ಕತ್ತಿ ಎತ್ತಿರೆಂದು ಹೇಳುತ್ತಿಲ್ಲ. ಮೂರನೆಯ, ನಾಲ್ಕನೆಯ ತಪ್ಪಿಗೆ ಎನ್ನುತ್ತಿದ್ದೇನೆ. ಹತ್ತು ನಿಮಿಷದಲ್ಲಿ ಸಾಮಾನು ಬರಲೆಂದು ಮನೆಯಲ್ಲಿ ಕೂತು ಗಡಿಯಾರ ನೋಡುವವರು ನಾವು. ಕೆಂಪು ದೀಪ ದಾಟಿದ ಹುಡುಗನ ಜೊತೆಗೆ, ಅವನನ್ನು ಓಡಿಸುವ ಗಡಿಯಾರದ ಯಜಮಾನನಿಗೂ ನೋಟೀಸು ಹೋಗಲಿ. ಆದರೆ ಹೊಟ್ಟೆಪಾಡಿನ ಮಾತು ಎತ್ತುವವರು ಒಂದನ್ನು ಮರೆಯಬಾರದು. ಹೂವಿನಮ್ಮನಿಗೂ ಹೊಟ್ಟೆಯಿತ್ತು. ನೆಲದ ಮೇಲೆ ಕೂತು ಹೂವು ಮಾರುವವಳಿಗೆ ಕೂರಲಾಗದಂತೆ ಆದರೆ, ಅವಳ ಲೈಸೆನ್ಸನ್ನು ವಿಚಾರಣೆಯಿಲ್ಲದೆ ಖಾಯಮ್ಮಾಗಿ ರದ್ದು ಮಾಡಿದಂತೆಯೇ.

ಇಂಗ್ಲೆಂಡಿನಲ್ಲಿ ಚಾಲಕನ ಲೈಸೆನ್ಸಿನ ಮೇಲೆ ತಪ್ಪಿಗೆ ತಕ್ಕ ಅಂಕಗಳನ್ನು ಬರೆಯುತ್ತಾರೆ. ಮೂರು ವರ್ಷದೊಳಗೆ ಹನ್ನೆರಡು ಅಂಕವಾದರೆ ಸಾಮಾನ್ಯವಾಗಿ ಆರು ತಿಂಗಳಾದರೂ ಗಾಡಿ ಮುಟ್ಟುವಂತಿಲ್ಲ. ಜರ್ಮನಿಯಲ್ಲಿ ಎಂಟು ಅಂಕಕ್ಕೆ ಲೈಸೆನ್ಸು ಹೋಗುತ್ತದೆ. ಅಲ್ಲಿ ಲೆಕ್ಕ ಮನುಷ್ಯನ ಹೆಸರಿನಲ್ಲಿ ನಡೆಯುತ್ತದೆ. ಹಣವಿದ್ದವನೂ ಹನ್ನೆರಡರ ಮೇಲೆ ಹದಿಮೂರನ್ನು ಕೊಂಡುಕೊಳ್ಳಲಾರ. ನಮ್ಮಲ್ಲೂ ಲೈಸೆನ್ಸುಗಳ ರಾಷ್ಟ್ರೀಯ ದಾಖಲೆಯಿದೆ, ನೋಂದಣಿಯ ದಾಖಲೆಯಿದೆ, ಕ್ಯಾಮರಾ ಇದೆ. ಇವನ್ನು ಒಂದಕ್ಕೊಂದು ಪೋಣಿಸಿ, ಪ್ರತಿ ತಪ್ಪನ್ನೂ ಮಾಡಿದವನ ಹೆಸರಿಗೇ ಬರೆಯಲಿ. ಹೆಸರು ಹೇಳದ ಮಾಲೀಕನ ಖಾತೆಗೇ ಅದು ಬೀಳಲಿ. ಅತಿವೇಗ, ಕುಡಿತ, ಕೆಂಪು ದೀಪ, ಲೈಸೆನ್ಸಿಲ್ಲದೆ ಓಡಿಸುವುದು, ಇಷ್ಟಕ್ಕಾದರೂ ಎಂದೆಂದಿಗೂ ರಿಯಾಯಿತಿ ಇಲ್ಲವೆಂದು ಸರ್ಕಾರ ಸಾರಲಿ. ಈ ತಿಂಗಳು ಎಷ್ಟು ಲೈಸೆನ್ಸು ಅಮಾನತಾಯಿತು, ಎಷ್ಟು ಪೋಷಕರ ಮೇಲೆ ಮೊಕದ್ದಮೆ ಹೂಡಲಾಯಿತು ಎಂಬುದನ್ನು, ದಂಡದ ಕೋಟಿಗಳನ್ನು ಪ್ರಕಟಿಸುವ ಉತ್ಸಾಹದಲ್ಲೇ ಪ್ರಕಟಿಸಲಿ.

ಇಷ್ಟೆಲ್ಲ ಹೇಳಿದ ಮೇಲೂ, ಈ ಪುಟವನ್ನು ಭಾನುವಾರ ಬೆಳಿಗ್ಗೆ ಓದುವ ನಮ್ಮಂಥವರ ಪಾಲಿನದು ಉಳಿದೇ ಇದೆ. ಕಲಿಯುವ ಮುನ್ನ ಲೈಸೆನ್ಸು ಮಾಡಿಸಿಕೊಡುವ ದಲ್ಲಾಳಿಯನ್ನು ಹುಡುಕುವವರು ನಾವು. ಮಗ ಹದಿನಾರಕ್ಕೆ ಸ್ಕೂಟರು ಹತ್ತಿದರೆ ನೆಂಟರ ಮುಂದೆ ಹೆಮ್ಮೆಪಡುವವರು ನಾವು. ಹಿಡಿದರೆ ಪರಿಚಯದ ಅಧಿಕಾರಿಗೆ ಫೋನು ಮಾಡುವವರು ನಾವು. ಯಾರಾದರೂ ಬಿದ್ದರೆ, ರಾಜಿ ಮಾಡಿಸಲು ಮೇಷ್ಟ್ರನ್ನು ಕರೆಯುವವರು, ಕರೆದರೆ ಹೋಗುವ ಮೇಷ್ಟ್ರೂ ನಾವೇ.

ಹೂವಿನಮ್ಮನ ಜಾಗದಲ್ಲಿ ಈಗ ಅವಳ ಸೊಸೆ ಕೂರುತ್ತಾಳೆ. ಮೊಳ ಹಾಕುವಾಗ ನನ್ನ ಮುಖ ಕಂಡು ಒಂದು ಗೇಣು ಹೆಚ್ಚು ಕೊಡುತ್ತಾಳೆ. ಅತ್ತೆಗೆ ಉಪಕಾರ ಮಾಡಿದವರೆಂಬ ಮರ್ಯಾದೆ. ಆ ಗೇಣು ಹೂವನ್ನು ಮನೆಯವರೆಗೆ ಹೊತ್ತು ತರುವುದು ನನಗೆ ಕಷ್ಟವಾಗುತ್ತದೆ. ಇದೂ ಒಂದು ಪ್ರಬಂಧವೇ, ಮುನ್ನೂರು ಪದಗಳನ್ನು ಎಂದೋ ದಾಟಿದೆ. ಇದನ್ನು ಬರೆದ ಮಾತ್ರಕ್ಕೆ ನನ್ನ ಪಾಪ ಕಳೆಯಿತೆಂಬ ಭ್ರಮೆ ನನಗಿಲ್ಲ. ಇನ್ನೊಮ್ಮೆ ಯಾರಾದರೂ ಸಂಜೆ ಬಂದು "ಹುಡುಗನ ಭವಿಷ್ಯ ನೋಡಿ ಮೇಷ್ಟ್ರೆ" ಎಂದರೆ, ಅವರನ್ನು ಕರೆದುಕೊಂಡು ಪೋಲೀಸು ಠಾಣೆಗೆ ಹೋಗುವುದೆಂದು ತೀರ್ಮಾನಿಸಿದ್ದೇನೆ. ಹುಡುಗನ ಭವಿಷ್ಯಕ್ಕೂ ಅದೇ ಒಳ್ಳೆಯದು.