ಫಲಕದಲ್ಲಿಲ್ಲದ ಹೆಸರು

ಕಲ್ಲಿಕೋಟೆಯ ಪರಂಪರೆಯನ್ನು ನೋಡಲು ಬರುವ ಹಲವರು ಅದನ್ನು ಮೊದಲು ಕಾಣುವುದು ಊಟದ ತಟ್ಟೆಯಲ್ಲಿ. 2023ರಲ್ಲಿ ಟೇಸ್ಟ್ ಅಟ್ಲಾಸ್ ಪ್ರಕಟಿಸಿದ ಜಗತ್ತಿನ 150 ಖ್ಯಾತ ಹೋಟೆಲುಗಳ ಪಟ್ಟಿಯಲ್ಲಿ ಆ ನಗರದ ಪ್ಯಾರಗಾನ್‌ಗೆ 11ನೇ ಸ್ಥಾನ ದೊರೆಯಿತು. ಆ ಮನ್ನಣೆ ತಂದುಕೊಟ್ಟದ್ದು ಬಿರಿಯಾನಿ. 1939ರಲ್ಲಿ ಹೋಟೆಲು ಆರಂಭಿಸಿದ್ದು ಹಿಂದೂ ಕುಟುಂಬ. ಬಿರಿಯಾನಿ ಮಾಪ್ಪಿಳರ ಮನೆಯದು. ಇದರಲ್ಲಿ ಅಸಹಜವಾದುದೇನನ್ನೂ ಆ ನಗರ ಕಾಣುವುದಿಲ್ಲ.

ಕಾಣಬೇಕಾದ ಕಾರಣವೂ ಇಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತಾ ಆ ಬಂದರಿಗೆ ಬಂದಾಗ ಚೀನಾ, ಪರ್ಶಿಯಾ, ಯಮನ್‌ಗಳ ವರ್ತಕರು ಅಲ್ಲಿದ್ದರು. ಗೋಧಿ ಮತ್ತು ಮಾಂಸವನ್ನು ಬೇಯಿಸಿ ಕಡೆಯುವ ಅರಬರ ಹರೀಸ ಅಲ್ಲಿ ಅಲೀಸವಾಯಿತು. ಮಾಂಸದ ಸಾರಿಗೆ ಜೊತೆಯಾದದ್ದು ನೆಲದ ಅಕ್ಕಿಯ ಪತ್ತಿರಿ ಮತ್ತು ತೆಂಗಿನಹಾಲು. ಕುಟ್ಟಿಚ್ಚಿರದ ಕೊಳದ ಬಳಿ ನಾಖುದಾ ಮಿಶ್ಕಾಲ್ ಎಂಬ ವರ್ತಕ ಕಟ್ಟಿಸಿದ ಮಸೀದಿಗೆ ಮಿನಾರವಿಲ್ಲ. ಹೆಂಚಿನ ಮಾಡು, ಮರದ ಕೆತ್ತನೆಗಳಿವೆ. 1510ರಲ್ಲಿ ಪೋರ್ಚುಗೀಸರು ಅದಕ್ಕೆ ಬೆಂಕಿ ಇಟ್ಟಾಗ ಅವರನ್ನು ಹಿಮ್ಮೆಟ್ಟಿಸಿದ್ದು ಸಾಮೂದಿರಿ ರಾಜನ ನಾಯರ್ ಯೋಧರು.

ಇಷ್ಟು ದೀರ್ಘ ಸಹಬಾಳ್ವೆಯ ಫಲವನ್ನು ಫಲಕವೊಂದರಿಂದ ಅಳೆಯುವ ರಾಜಕೀಯ ಈಚಿನದು. 2021ರಲ್ಲಿ ಕೇರಳದ ಬಿಜೆಪಿ ನಾಯಕರೊಬ್ಬರು ಹೋಟೆಲುಗಳ ಹಲಾಲ್ ಫಲಕಗಳನ್ನು ನಿಷೇಧಿಸಬೇಕೆಂದರು. 2024ರಲ್ಲಿ ಉತ್ತರ ಪ್ರದೇಶದಲ್ಲಿ ಕಾಂವಡ್ ಯಾತ್ರೆಯ ಹಾದಿಯಲ್ಲಿರುವ ಹೋಟೆಲುಗಳು ಮಾಲೀಕರ ಹೆಸರು ಪ್ರದರ್ಶಿಸಬೇಕೆಂಬ ಆದೇಶ ಹೊರಟಿತು. ಜುಲೈ 22ರಂದು ಸುಪ್ರೀಮ್ ಕೋರ್ಟ್ ಅದಕ್ಕೆ ತಡೆ ನೀಡಿ, ಯಾವ ಬಗೆಯ ಆಹಾರವೆಂದು ತಿಳಿಸಿದರೆ ಸಾಕು ಎಂದಿತು. ಒಂದೆಡೆ ಫಲಕ ಬೇಡ, ಇನ್ನೊಂದೆಡೆ ಬೇಕು! ಗುರಿ ಮಾತ್ರ ಒಂದೇ.

ಆದರೆ ಹೆಸರಿನ ಪ್ರಶ್ನೆಯನ್ನು ನಾವು ನಮ್ಮೊಳಗೂ ಕೇಳಿಕೊಳ್ಳಬೇಕಾಗಿದೆ. ಉನ್ನಕ್ಕಾಯಿ, ಮುಟ್ಟಮಾಲೆ, ಅಲೀಸಗಳನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದವರು ಹೋಟೆಲು ಮಾಲೀಕರಲ್ಲ, ಅಡುಗೆಮನೆಯ ಸ್ತ್ರೀಯರು. ಕುಟ್ಟಿಚ್ಚಿರವನ್ನೊಳಗೊಂಡ ತೆಕ್ಕೇಪ್ಪುರದ ಹಳೆಯ ಕೂಡುಕುಟುಂಬಗಳಲ್ಲಿ ಮನೆಯೂ ಹೆಣ್ಣಿನ ಸಂತತಿಯ ಮೂಲಕವೇ ಸಾಗಿಬಂದಿದೆ. ಅವರ ಕೈರುಚಿ ಬೀದಿಗೆ ಬಂದು ವ್ಯಾಪಾರವಾದಾಗ ಫಲಕದಲ್ಲಿ ಹೆಸರು ಗಂಡಸಿನದು, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನೂ ಗಂಡಸು. 'ಉಮ್ಮನ ಕೈರುಚಿ' ಎಂದು ಜಾಹೀರಾತು ನೀಡುವವರಿಗೆ ಉಮ್ಮನ ಪಾಲು ನೆನಪಾಗುವುದಿಲ್ಲ. ಹೆಣ್ಣಿನ ಸಂಪಾದನೆ ಆಕೆಯದೇ ಎಂದು ಇಸ್ಲಾಮ್ ಸ್ಪಷ್ಟಪಡಿಸಿ ಹದಿನಾಲ್ಕು ಶತಮಾನಗಳು ಕಳೆದಿವೆ. ಮದುವೆಯ ವೇದಿಕೆಗಳಲ್ಲಿ ಅದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಮನೆಯಲ್ಲಿ ಲೆಕ್ಕಪುಸ್ತಕ ತೆರೆದಾಗ ಮರೆಯುತ್ತೇವೆ.

ಇದು ಕಲ್ಲಿಕೋಟೆಗಷ್ಟೇ ಸೀಮಿತವಲ್ಲ. ಭಟ್ಕಳದ ನವಾಯತರ ಬಿರಿಯಾನಿ, ಮಂಗಳೂರಿನ ಬ್ಯಾರಿಗಳ ಪತ್ತಿರ್ ಕೂಡ ಹೀಗೆಯೇ ಪೇಟೆ ಸೇರಿವೆ. ರಮಝಾನಿನ ಸಂಜೆಯ ಅಂಗಡಿಗಳಲ್ಲಿ ಮಾರಾಟವಾಗುವ ತಿಂಡಿಗಳಲ್ಲಿ ಎಷ್ಟೋ ಪಾಲು ಮನೆಗಳಲ್ಲಿ ತಯಾರಾಗಿ ಬರುತ್ತದೆ. ತಯಾರಿಸಿದ ವಿಧವೆಗೋ ಬಡ ಗೃಹಿಣಿಗೋ ತುಂಡಿಗಿಷ್ಟು ಎಂದು ಸಿಗುತ್ತದೆ, ಅದೂ ಕೆಲವೊಮ್ಮೆ ಹಬ್ಬ ಕಳೆದ ಮೇಲೆ. ಕೇರಳದಲ್ಲಿ 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಸ್ತ್ರೀಯರು ಸ್ವತಃ ಹೋಟೆಲು ನಡೆಸುತ್ತಿದ್ದಾರೆ. ನಮ್ಮ ಜಮಾಅತುಗಳಿಗೂ ಇದು ಅಸಾಧ್ಯವಲ್ಲ. ಮದ್ರಸದ ಕಟ್ಟಡಗಳು ತರಗತಿಯ ಬಳಿಕ ಖಾಲಿ ಇರುತ್ತವೆ. ವಲೀಮಾಗಳಿಗೆ ಅಡುಗೆಯವರನ್ನು ನಿಶ್ಚಯಿಸುವಾಗ ಮಹಲ್ಲಿನ ಸ್ತ್ರೀಯರ ತಂಡಕ್ಕೆ ಮೊದಲ ಅವಕಾಶ ನೀಡಬಹುದು, ಬಂಡವಾಳಕ್ಕೆ ಬಡ್ಡಿರಹಿತ ಸಾಲವನ್ನೂ ಒದಗಿಸಬಹುದು. ಬರುವ ರಮಝಾನಿಗೆ ಮುನ್ನ ಜಮಾಅತಿನ ಸಭೆಗಳು ನಡೆಯುತ್ತವೆ. ಇಫ್ತಾರ್ ಕೂಟದ ಖರ್ಚಿನ ಚರ್ಚೆಯ ಜೊತೆಗೆ ಈ ಸ್ತ್ರೀಯರ ಕೂಲಿಯ ವಿಷಯವೂ ಕಾರ್ಯಸೂಚಿಗೆ ಬರಲಿ.