ಕೆಳಗುಳಿದ ಒಂಬತ್ತು ಮಂದಿ

ಆಗಸ್ಟ್ 29ಕ್ಕೆ ಬೆಂಗಳೂರಿನ ಶಿವಾಜಿನಗರದ ಸಂತ ಮರಿಯ ಬೆಸಿಲಿಕಾದಲ್ಲಿ ಧ್ವಜ ಏರಿತೆಂದರೆ ಸುತ್ತಲ ಜಿಲ್ಲೆಗಳಿಂದ ಕಾವಿ ಉಟ್ಟವರು ಹೊರಡುತ್ತಾರೆ. ಅವರಲ್ಲಿ ಕ್ರೈಸ್ತರಲ್ಲದವರೂ ಬಹಳ. ಸೆಪ್ಟೆಂಬರ್ 8ರ ತೇರಿನ ದಿನ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪ್ರಾಟೆಸ್ಟಂಟ್ ಸಭೆಗಳಿಗೆ ಉಜ್ಜೀವನ ಕೂಟಗಳಿವೆ: ರಾತ್ರಿಯೆಲ್ಲ ಹಾಡು, ಕಣ್ಣೀರು, ಸಾಕ್ಷಿ. ಹೋದವರು ಹಗುರಾಗಿ ಹಿಂದಿರುಗುತ್ತಾರೆ. ಅದು ಸುಳ್ಳಲ್ಲ. ಆದರೆ ಮುಂದಿನ ಭಾನುವಾರದ ಪ್ರಸಂಗ ಮಾತ್ರ ಹೆಚ್ಚಾಗಿ ಒಂದೇ: ಆ ಅನುಭವ ಆರದಂತೆ ಕಾಪಾಡಿಕೊಳ್ಳಿ. ನನಗೆ ಈ ಸಲಹೆಯ ಮೇಲೆ ಅಷ್ಟು ನಂಬಿಕೆಯಿಲ್ಲ.

ಯೇಸು ಬೆಟ್ಟದ ಮೇಲೆ ರೂಪಾಂತರ ಹೊಂದಿದ ಘಟನೆಯನ್ನೇ ನೋಡಿ. ಮತ್ತಾಯ, ಮಾರ್ಕ, ಲೂಕ ಮೂವರೂ ಅದನ್ನು ಬರೆದಿದ್ದಾರೆ. ಪೇತ್ರ, ಯಾಕೋಬ, ಯೋಹಾನ ಮೇಲಿದ್ದರು. ಅಲ್ಲೇ ಮೂರು ಗುಡಾರ ಹಾಕೋಣ ಎಂದ ಪೇತ್ರನ ಮಾತಿಗೆ ಯೇಸು ಉತ್ತರ ಕೊಟ್ಟಂತಿಲ್ಲ. ಇಳಿಯುವಾಗ ಕಟ್ಟಪ್ಪಣೆಯೊಂದನ್ನು ಕೊಟ್ಟರು: ಕಂಡದ್ದನ್ನು ಸದ್ಯಕ್ಕೆ ಯಾರಿಗೂ ಹೇಳಬೇಡಿ. ಮೈಕ್ ಹಿಡಿದು ಅಂದಂದೇ ಸಾಕ್ಷಿ ಹೇಳಿಸುವ ನಮ್ಮ ಕೂಟಗಳಲ್ಲಿ ಈ ವಾಕ್ಯದ ಮೇಲೆ ಪ್ರಸಂಗ ಕೇಳಿದ ನೆನಪು ನನಗಿಲ್ಲ.

ಉಳಿದ ಒಂಬತ್ತು ಶಿಷ್ಯರು ಬೆಟ್ಟದ ಬುಡದಲ್ಲಿ ಪೇಚಾಡುತ್ತಿದ್ದರು. ಮೂರ್ಛೆ ಬಂದು ಬೆಂಕಿಗೋ ನೀರಿಗೋ ಬೀಳುವ ಮಗನನ್ನು ಒಬ್ಬ ತಂದೆ ಕರೆತಂದಿದ್ದ. ಇವರಿಂದ ಏನೂ ಆಗಲಿಲ್ಲ. ಬೆಟ್ಟ ಹತ್ತಿದವರಾದರೂ ಗಟ್ಟಿಯಾದರೇ? ಕೆಲವು ಕಾಲದ ನಂತರ, ಚಳಿಯ ರಾತ್ರಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದಾಗ, ಕೆಲಸದ ಹುಡುಗಿಯೊಬ್ಬಳ ಪ್ರಶ್ನೆಗೆ ಯೇಸು ತನಗೆ ಗೊತ್ತೇ ಇಲ್ಲವೆಂದವನು ಇದೇ ಪೇತ್ರ. ಮಹಿಮೆ ಕಂಡ ಕಣ್ಣು ಆ ಹೊತ್ತಿಗೆ ನೆರವಾಗಲಿಲ್ಲ.

ಹಾಗಾಗಿ ಅನುಭವವನ್ನು ಕಾಪಾಡುವುದಕ್ಕಿಂತ ಕೆಳಗೆ ಯಾರಿದ್ದಾರೆಂದು ನೋಡುವುದು ಮೇಲು. ಹಾಗೆ ಕೆಳಗುಳಿಯುವವರು ಆಸ್ಪತ್ರೆಗಳಲ್ಲೂ ಇರುತ್ತಾರೆ. 1820ರಲ್ಲಿ ಬೆಂಗಳೂರಿಗೆ ಬಂದ ಲಂಡನ್ ಮಿಷನ್ ಮುಂದೆ ಚಿಕ್ಕಬಳ್ಳಾಪುರದಲ್ಲಿ ಆಸ್ಪತ್ರೆ ತೆರೆಯಿತು. 1947ರಲ್ಲಿ ದಕ್ಷಿಣ ಭಾರತ ಸಭೆ (ಸಿಎಸ್ಐ) ರೂಪುಗೊಂಡ ಮೇಲೆ ಅದು ಸಿಎಸ್ಐ ಆಸ್ಪತ್ರೆ. ಈಸ್ಟರ್ ಮುಂಜಾನೆಯ ಆರಾಧನೆಗೆ ಎಲ್ಲರೂ ಹೋದಾಗಲೂ ವಾರ್ಡಿನಲ್ಲಿ ಒಬ್ಬ ನರ್ಸ್ ಇರಲೇಬೇಕು. ಆಸ್ಪತ್ರೆಯಲ್ಲಾದರೆ ಇದಕ್ಕೊಂದು ಡ್ಯೂಟಿ ಪಟ್ಟಿ ಇರುತ್ತದೆ, ಸರದಿ ಬದಲಾಗುತ್ತದೆ.

ಮನೆಗಳಲ್ಲಿ ಪಟ್ಟಿಯಿಲ್ಲ. ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ರೇಷ್ಮೆಯ ಸೀಮೆ. ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವ ನಿದ್ದೆಯಿಂದ) ಎದ್ದು ಗೂಡು ಕಟ್ಟಲು ಹಣ್ಣಾಗುವ ತನಕದ ವಾರದಲ್ಲಿ ಇಡೀ ಬೆಳೆಯ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ತಿಂದು ಮುಗಿಸುತ್ತದೆ. ಹಬ್ಬ, ಕೂಟ ಅದಕ್ಕೆ ತಿಳಿಯದು. ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳದಿದ್ದರೆ ಗೂಡು ಹಗುರಾಗುತ್ತದೆ, ಶಿಡ್ಲಘಟ್ಟದ ಹರಾಜಿನಲ್ಲಿ ಬೆಲೆ ಇಳಿಯುತ್ತದೆ. ಹುಳು ಸಾಕುವ ಮನೆಯವರು ಶಿವಾಜಿನಗರಕ್ಕೋ ಉಜ್ಜೀವನ ಕೂಟಕ್ಕೋ ಹೊರಟರೆ ಒಬ್ಬರು ಉಳಿಯಬೇಕು. ಸಾಮಾನ್ಯವಾಗಿ ಉಳಿಯುವವಳು ಸೊಸೆ. ಅವಳನ್ನು ಯಾರೂ ಕೇಳಿರುವುದಿಲ್ಲ; ಕೇಳಬೇಕೆಂದು ಯಾರಿಗೂ ಹೊಳೆದಿರುವುದಿಲ್ಲ. ಕೂಟದಿಂದ ಬಂದವರು ದೇವರು ಮುಟ್ಟಿದ ಕತೆ ಹೇಳುವಾಗ ಅವಳು ಹುಳುವಿನ ತಟ್ಟೆಗಳ ನಡುವೆ ಕಸ ತೆಗೆಯುತ್ತಿರುತ್ತಾಳೆ.

ಕೂಟ ಹೋಗಿಬಂದವರನ್ನು ನಿಜಕ್ಕೂ ಮುಟ್ಟಿದೆಯೇ ಎಂದು ತಿಳಿಯಲು ಬಹಳ ದಿನ ಕಾಯಬೇಕಿಲ್ಲ. ಮುಂದಿನ ಬೆಳೆ ಚಾಕಿ (ಮರಿಹುಳುವಿನ ಹಂತ) ದಾಟುವ ಹೊತ್ತಿಗೆ ಮತ್ತೊಂದು ಕೂಟದ ಕರಪತ್ರ ಬಂದಿರುತ್ತದೆ. ಆಗ ಗಂಡನೋ ಮಾವನೋ "ಈ ಸಲ ನೀನು ಹೋಗಿ ಬಾರಮ್ಮ, ಸೊಪ್ಪು ನಾನು ಹಾಕ್ತೀನಿ" ಎನ್ನುತ್ತಾರೋ ಇಲ್ಲವೋ, ಅಲ್ಲೇ ಗೊತ್ತಾಗುತ್ತದೆ.