ಗುರು, ಶನಿ ಗ್ರಹಗಳಿಂದ ‘ಓಂ’ ಶಬ್ದ ಕೇಳಿಸುತ್ತದೆಯೇ? ಗೌರಿಬಿದನೂರಿನ ಆಂಟೆನಾಗಳಿಂದ ಅರ್ಥ ಮಾಡಿಕೊಳ್ಳೋಣ

‘ನಾಸಾ ನೌಕೆ ಶನಿಗ್ರಹದ ಬಳಿ ಓಂಕಾರ ರೆಕಾರ್ಡ್ ಮಾಡಿದೆ, ಎಲ್ಲ ಗ್ರೂಪ್‌ಗಳಿಗೂ ಕಳುಹಿಸಿ’ ಎಂಬ ಧಾಟಿಯ ಆಡಿಯೊಗಳು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಸುತ್ತು ಹೊಡೆಯುತ್ತವೆ. ಹೆಸರು ಮಾತ್ರ ಬದಲಾಗುತ್ತದೆ: ಒಮ್ಮೆ ಗುರು, ಒಮ್ಮೆ ಶನಿ, ಒಮ್ಮೆ ಸೂರ್ಯ. ಸೂರ್ಯನ ಹೆಸರಿನ ಇಂಥದ್ದೇ ವಿಡಿಯೊವನ್ನು 2020ರ ಜನವರಿಯಲ್ಲಿ ಆಗಿನ ಪುದುಚೇರಿ ಲೆಫ್ಟಿನೆಂಟ್ ಗವರ್ನರ್ ಕಿರಣ್ ಬೇಡಿ ಕೂಡ ಹಂಚಿಕೊಂಡಿದ್ದರು. ಇದರಲ್ಲಿ ನಿಜವೆಷ್ಟು? ಉತ್ತರವನ್ನು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಿಂದಲೇ ಆರಂಭಿಸಬಹುದು.

ಗೌರಿಬಿದನೂರಿನಲ್ಲಿ ಇರುವುದೇನು?

ಗೌರಿಬಿದನೂರಿನ ಬಳಿ 1976ರಿಂದ ಒಂದು ರೇಡಿಯೊ ವೀಕ್ಷಣಾಲಯವಿದೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಇದನ್ನು ಕಟ್ಟಿದವು. ಇಲ್ಲಿನ ಮೊದಲ ದೂರದರ್ಶಕಕ್ಕೆ ಗಾಜಿನ ಮಸೂರವೇ ಇರಲಿಲ್ಲ. ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ಸಾಲಾಗಿ ನಿಲ್ಲಿಸಿದ 1000 ಆಂಟೆನಾಗಳೇ ಆ ದೂರದರ್ಶಕ. ಪೂರ್ವ-ಪಶ್ಚಿಮವಾಗಿ ಅದರ ಉದ್ದ ಸುಮಾರು 1.4 ಕಿ.ಮೀ.

ಅದು ಹಿಡಿಯುತ್ತಿದ್ದುದು 34.5 ಮೆಗಾಹರ್ಟ್ಸ್ ಅಲೆಗಳನ್ನು, ಅಂದರೆ ಸೆಕೆಂಡಿಗೆ 3 ಕೋಟಿ 45 ಲಕ್ಷ ಬಾರಿ ಕಂಪಿಸುವ ಅಲೆಗಳನ್ನು. ನಮ್ಮ ಕಿವಿಗೆ ಕೇಳಿಸುವುದು 20ರಿಂದ 20,000 ಕಂಪನಗಳ ಶಬ್ದ ಮಾತ್ರ. ಅಷ್ಟೇ ಅಲ್ಲ, ರೇಡಿಯೊ ಅಲೆ ಶಬ್ದವೇ ಅಲ್ಲ, ಅದು ಬೆಳಕಿನ ಬಳಗಕ್ಕೆ ಸೇರಿದ್ದು. ಎಫ್‌ಎಂ ಅಲೆಗಳು ಈಗಲೂ ನಿಮ್ಮ ಸುತ್ತ ಹರಿದಾಡುತ್ತಿವೆ. ಆದರೆ ರೇಡಿಯೊ ಆನ್ ಮಾಡುವವರೆಗೆ ಹಾಡು ಕೇಳುವುದಿಲ್ಲ.

ಗುರುಗ್ರಹವೂ ಇಂಥ ಅಲೆಗಳನ್ನು ಹೊಮ್ಮಿಸುತ್ತದೆ. ಇದನ್ನು 1955ರಲ್ಲಿ ಅಮೆರಿಕದ ಬರ್ಕ್ ಮತ್ತು ಫ್ರಾಂಕ್ಲಿನ್ ಕಂಡುಹಿಡಿದರು. ಈ ಅಲೆಗಳು ಸುಮಾರು 40 ಮೆಗಾಹರ್ಟ್ಸ್‌ವರೆಗೆ ಇರುವುದರಿಂದ ಭೂಮಿಯ ಮೇಲಿನ ಆಂಟೆನಾಗಳಿಗೂ ಸಿಗುತ್ತವೆ.

ಹಾಗಾದರೆ ನೌಕೆ ಕಳುಹಿಸುವುದೇಕೆ?

ಭೂಮಿಯ ಮೇಲೆ ಅಯಾನುಗೋಳ ಎಂಬ ಪದರವಿದೆ. ಸುಮಾರು 10 ಮೆಗಾಹರ್ಟ್ಸ್‌ಗಿಂತ ಕಡಿಮೆ ಕಂಪನದ ಅಲೆಗಳನ್ನು ಅದು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಶನಿ, ಯುರೇನಸ್, ನೆಪ್ಚೂನ್‌ಗಳ ಪ್ರಮುಖ ರೇಡಿಯೊ ಅಲೆಗಳು ಇದಕ್ಕಿಂತ ಬಹಳ ಕೆಳಗಿವೆ. ಗೌರಿಬಿದನೂರಿನಲ್ಲಿ ಎಷ್ಟು ಆಂಟೆನಾ ನೆಟ್ಟರೂ ಅವು ಸಿಗುವುದಿಲ್ಲ. ಅವನ್ನು ಹಿಡಿಯಲು ಈ ಪದರ ದಾಟಿ ಹೋಗಬೇಕು.

1977ರಲ್ಲಿ ಹಾರಿದ ವಾಯೇಜರ್ ಅವಳಿ ನೌಕೆಗಳು ಮಾಡಿದ್ದು ಇದನ್ನೇ. ಅವುಗಳಲ್ಲಿ ಮೈಕ್ ಇಲ್ಲ, 10 ಮೀಟರ್ ಉದ್ದದ ಎರಡೆರಡು ಆಂಟೆನಾಗಳಿವೆ. ಈ ಗ್ರಹಗಳ ಮೇಲೆ ಗುರುತಿಟ್ಟು ನೋಡಲು ಗಟ್ಟಿ ನೆಲವಿಲ್ಲ, ಮೇಲೆ ಕಾಣುವುದು ಮೋಡ ಮಾತ್ರ. ಹಾಗಾಗಿ ರೇಡಿಯೊ ಅಲೆಗಳ ಏರಿಳಿತ ಎಷ್ಟು ಹೊತ್ತಿಗೊಮ್ಮೆ ಮರುಕಳಿಸುತ್ತದೆ ಎಂದು ಲೆಕ್ಕ ಹಾಕಿ ಅಲ್ಲಿನ ದಿನದ ಅವಧಿ ಕಂಡುಕೊಂಡರು. 1986ರಲ್ಲಿ ಯುರೇನಸ್‌ಗೆ ಸುಮಾರು 17 ಗಂಟೆ 14 ನಿಮಿಷ, 1989ರಲ್ಲಿ ನೆಪ್ಚೂನ್‌ಗೆ ಸುಮಾರು 16 ಗಂಟೆ 7 ನಿಮಿಷ ಎಂದು ಗೊತ್ತಾಯಿತು.

ಶನಿಗೆ ವಾಯೇಜರ್ ಕೊಟ್ಟ ಲೆಕ್ಕ 10 ಗಂಟೆ 39 ನಿಮಿಷ. 2004ರಲ್ಲಿ ಶನಿಯನ್ನು ತಲುಪಿದ ಕ್ಯಾಸಿನಿ ನೌಕೆಗೆ ಬೇರೆ ಲೆಕ್ಕ ಸಿಕ್ಕಿತು, ಅದೂ ಕಾಲಕ್ರಮೇಣ ಬದಲಾಗುತ್ತಿತ್ತು. ಕೊನೆಗೆ ಬಳೆಗಳಲ್ಲಿ ಏಳುವ ಅಲೆಗಳನ್ನು ಅಳೆದು, 2019ರಲ್ಲಿ ಶನಿಯ ದಿನ ಸುಮಾರು 10 ಗಂಟೆ 33 ನಿಮಿಷ ಎಂದು ವಿಜ್ಞಾನಿಗಳು ತಿದ್ದಿಕೊಂಡರು.

ಮತ್ತೆ ಆ ಆಡಿಯೊ ಎಲ್ಲಿಂದ ಬಂತು?

ಅಲೆಗಳ ಕಂಪನವನ್ನು ಕಂಪ್ಯೂಟರ್‌ನಲ್ಲಿ ನಮ್ಮ ಕಿವಿಯ ಮಿತಿಗೆ ಹೊಂದಿಸಿ, ವಿಜ್ಞಾನಿಗಳೇ ಆಡಿಯೊ ಮಾಡುವುದುಂಟು. ಗುರುವಿನ ಚಂದ್ರ ಗ್ಯಾನಿಮೀಡ್ ಬಳಿ ಜೂನೋ ನೌಕೆ ಹಾದುಹೋದಾಗ ಸಿಕ್ಕ ಅಲೆಗಳನ್ನು ನಾಸಾ 2021ರಲ್ಲಿ ಹೀಗೆಯೇ ಕೇಳಿಸಿತ್ತು. ಒಂದೇ ಮಾಹಿತಿಯನ್ನು ಎಷ್ಟು ಕೆಳಗಿಳಿಸುತ್ತೇವೆ ಎನ್ನುವುದರ ಮೇಲೆ ಅದು ಸಿಳ್ಳೆಯಾಗಬಹುದು, ಗುಂಯ್‌ಗುಡುವ ನಾದವೂ ಆಗಬಹುದು. ಗುಂಯ್‌ಗುಡುವ ಶಬ್ದದ ಜೊತೆ ‘ಓಂ’ ಎಂದು ಬರೆದಿದ್ದರೆ ಕಿವಿಗೂ ಹಾಗೆಯೇ ಕೇಳಿಸುತ್ತದೆ. ಓಂಕಾರದ ಮೇಲಿನ ಶ್ರದ್ಧೆಗೆ ಶನಿಗ್ರಹದ ಸಾಕ್ಷಿ ಬೇಕಿಲ್ಲ.

ಬಾಹ್ಯಾಕಾಶ ನೌಕೆಗಳು ನಿಜವಾದ ಶಬ್ದ ದಾಖಲಿಸಿದ್ದೂ ಇದೆ. 2005ರಲ್ಲಿ ಶನಿಯ ಚಂದ್ರ ಟೈಟನ್ ಮೇಲೆ ಇಳಿದ ಹೈಗನ್ಸ್‌ನಲ್ಲಿ ಮೈಕ್ ಇತ್ತು. ಟೈಟನ್‌ಗೆ ದಟ್ಟ ವಾತಾವರಣವಿರುವುದರಿಂದ ಅಲ್ಲಿ ಶಬ್ದ ಸಾಗಬಲ್ಲದು.

ಫಾರ್ವರ್ಡ್ ಮಾಡುವ ಮುನ್ನ

ಇಂಥ ಆಡಿಯೊ ಬಂದರೆ ಮೂರು ಪ್ರಶ್ನೆ ಕೇಳಿ: ಯಾವ ನೌಕೆ? ಯಾವ ವರ್ಷ? ಅದರಲ್ಲಿದ್ದದ್ದು ಮೈಕೋ, ಆಂಟೆನಾವೋ? ಉತ್ತರವಿಲ್ಲದಿದ್ದರೆ ಮುಂದೆ ಕಳುಹಿಸಬೇಡಿ. ಶನಿಯ ದಿನದ ಲೆಕ್ಕವನ್ನು ವಿಜ್ಞಾನಿಗಳು ತಿದ್ದಿಕೊಂಡರು. ಫಾರ್ವರ್ಡ್‌ಗಳಿಗೆ ಆ ಅಭ್ಯಾಸವಿಲ್ಲ, ಇಂದು ಬಂದ ಸುಳ್ಳೇ ಮುಂದಿನ ವರ್ಷವೂ ಬರುತ್ತದೆ.

ಕಳುಹಿಸಲೇಬೇಕೆಂದರೆ ಈ ನಿಜವನ್ನು ಕಳುಹಿಸಿ: ಎರಡೂ ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪನವಿರುವ ಒಂದೊಂದು ಧ್ವನಿಮುದ್ರಿಕೆ ಇದೆ. ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಅವುಗಳಲ್ಲಿ ಕನ್ನಡವೂ ಒಂದು.